ಲಲಿತಮಹಲ್‌ನಲ್ಲಿ ಮೂರು ಕೋಣೆ

ಅಪ್ಪ ಅಮ್ಮನ ಮದುವೆಯಾಗಿ 2017ರ ಶ್ರಾವಣಕ್ಕೆ ಐವತ್ತು ವರ್ಷ ತುಂಬುವುದಿತ್ತು. ಏನು ಮಾಡೋಣ ಎಂದು ಮಾತು ಬಂದಾಗ ಅಮ್ಮ ಛತ್ರ ಬೇಡ, ಹೋಮ ಬೇಡ, ನೂರಾರು ಜನಕ್ಕೆ ಎಲೆ ಹಾಕುವುದಂತೂ ಬೇಡವೇ ಬೇಡ ಅಂದುಬಿಟ್ಟಳು. ಹಾಗಾದರೆ ಏನು ಬೇಕು ಅಂದರೆ ಸುಮ್ಮನಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ಹುರುಳಿಕಾಯಿ ಮುರಿಯುತ್ತಾ, ತಲೆ ಎತ್ತದೆ ಹೇಳಿದಳು: "ಬೆಟ್ಟ ಹತ್ತುವಾಗೆಲ್ಲ ಕೆಳಗಡೆ ಬೆಳ್ಳಗೆ ಕಾಣುತ್ತಲ್ಲ, ಅಲ್ಲಿ ಒಂದು ರಾತ್ರಿ ಇರಬಹುದಾ?"

ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಅದು ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋದವರೆಲ್ಲ ಒಂದು ಸಲವಾದರೂ ನಿಂತು ಲಲಿತಮಹಲ್ ನೋಡಿಯೇ ಇರುತ್ತಾರೆ. ಹೊರಗಿನಿಂದ ನೋಡಿ ನೋಡಿ ಅದು ನಮ್ಮದೇ ಅನ್ನಿಸಿಬಿಟ್ಟಿರುತ್ತದೆ, ಒಳಗೆ ಹೋದವರು ಮಾತ್ರ ಕಡಿಮೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದ ನನ್ನ ಅಮ್ಮ ಆ ಹೊರಗಿನವರಲ್ಲಿ ಒಬ್ಬಳು. ಅವತ್ತು ರಾತ್ರಿಯೇ ನಾನು ಮೂರು ಕೋಣೆ ಬುಕ್ ಮಾಡಿದೆ. ಅಪ್ಪ ಅಮ್ಮನಿಗೊಂದು, ನಮಗೊಂದು, ಬೆಂಗಳೂರಿನಿಂದ ಬರುವ ತಂಗಿಯ ಸಂಸಾರಕ್ಕೊಂದು.

ಬೆಳಿಗ್ಗೆಯಿಂದಲೇ ಸಲಹೆಗಳು ಶುರುವಾದವು. ಹಳೇ ಕಟ್ಟಡದಲ್ಲಿ ದುಡ್ಡು ಸುರಿಯೋದು ಯಾಕೆ, ರಿಂಗ್ ರೋಡಿನ ಕಡೆ ಹೊಸ ಹೋಟೆಲ್ ಎಷ್ಟು ಬಂದಿಲ್ಲ, ಅಲ್ಲಿ ಎಲ್ಲ ಕಂಪ್ಯೂಟರ್ ಕೀಲಿ, ಎಲ್ಲ ಹೊಸ ಹಾಸಿಗೆ ಅಂದರು ಕಚೇರಿಯವರು. ಮಗನ ಚಿಂತೆಯಲ್ಲಿದ್ದ ತಂಗಿ ಫೋನಿನಲ್ಲಿ ನೇರವಾಗಿ ಕೇಳಿದಳು: "ಅಣ್ಣ, ಪುಟ್ಟನಿಗೆ ವೀಸಿಂಗ್ ಇದೆ ಅಂತ ಗೊತ್ತಲ್ಲ ನಿನಗೆ? ಹಳೇ ಕೋಣೆ, ಮಳೆಗಾಲ, ಥಂಡಿ. ಕ್ಯಾನ್ಸಲ್ ಮಾಡಿಬಿಡು." ಇಂಥ ತಾರೀಖಿನೊಳಗೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಎಂದು ಬುಕಿಂಗ್ ಚೀಟಿಯಲ್ಲಿ ಬರೆದಿತ್ತು. ಆ ತಾರೀಖು ಹತ್ತಿರ ಬಂದಷ್ಟೂ ನನ್ನ ನಿದ್ದೆ ಕೆಡುತ್ತಾ ಬಂತು.

ತಂಗಿಯ ಭಯವನ್ನು ತಳ್ಳಿಹಾಕುವಂತಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಾವೆಲ್ಲ ಒಟ್ಟಾಗಿ ಒಂದು ಗಿರಿಧಾಮಕ್ಕೆ ಹೋಗಿದ್ದೆವು. ಇಂಗ್ಲಿಷರ ಕಾಲದ ದೊಡ್ಡ ಹೋಟೆಲ್. ಹೆಸರು ಬೇಡ. ಮುಂಭಾಗದಲ್ಲಿ ಗುಲಾಬಿ ತೋಟ, ಊಟದ ಮನೆಯಲ್ಲಿ ಬೇಟೆಯ ಚಿತ್ರಗಳು, ಬಾಗಿಲಲ್ಲಿ ಪೇಟ ಕಟ್ಟಿದವರು. ಕೋಣೆಯ ಬಾಗಿಲು ತೆಗೆದ ಕೂಡಲೇ ನೆನೆದ ಕಂಬಳಿಯ ವಾಸನೆ ಮುಖಕ್ಕೆ ಬಡಿಯಿತು. ಬೀರು ತೆಗೆದರೆ ಒಳಗಿನ ಹಲಗೆಯಲ್ಲಿ ಬೂಷ್ಟು ಹಸಿರಾಗಿ ಹಬ್ಬಿತ್ತು. ನಲ್ಲಿಯಲ್ಲಿ ಬಿಸಿನೀರು ಬರಲಿಲ್ಲ. ವಯಸ್ಸಾದ ರೂಮ್ ಬಾಯ್ ಒಬ್ಬರು ಕೆಳಗಿನ ಅಡುಗೆಮನೆಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತಂದರು. ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲೇ "ಬಾಯ್ಲರ್ ರಿಪೇರಿಗೆ ಬರೆದಿದೀವಿ ಸಾರ್" ಅಂದರು. ಆ ರಾತ್ರಿ ಪುಟ್ಟ ಕೆಮ್ಮಿ ಕೆಮ್ಮಿ ಸುಸ್ತಾದ. ಬೆಳಗಿನ ಜಾವ ನಾಲ್ಕಕ್ಕೆ ಭಾವ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೀಟರ್ ಹಾಕಿ ಮಲಗಿಸಿದರು. ಅಂಥದ್ದನ್ನು ಕಂಡ ತಾಯಿ ಹಳೇ ಹೋಟೆಲ್ ಬೇಡ ಅಂದರೆ ಯಾರು ಏನು ಹೇಳಲು ಸಾಧ್ಯ?

ಮೈಸೂರಿನವರಿಗೆ ಹಳೆಯ ಕಟ್ಟಡದ ಬಗ್ಗೆ ಇನ್ನೊಂದು ದಿಗಿಲೂ ಇತ್ತು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. ಹಳೇ ಪುಸ್ತಕದ ಅಂಗಡಿಗಳಿಗೆಂದು ನಾವೆಲ್ಲ ಕಾಲೇಜು ದಿನಗಳಲ್ಲಿ ಸುತ್ತುತ್ತಿದ್ದ ಜಾಗ ಅದು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಊರಿನಲ್ಲಿ ಎಲ್ಲಿ ನೋಡಿದರೂ ಅದೇ ಚರ್ಚೆ. ಕೆಡವಿ ಹೊಸದಾಗಿ ಕಟ್ಟಿ ಎನ್ನುವವರು ಒಂದು ಕಡೆ, ಇದ್ದದ್ದನ್ನೇ ರಿಪೇರಿ ಮಾಡಿ ಉಳಿಸಿ ಎನ್ನುವವರು ಇನ್ನೊಂದು ಕಡೆ. ಪಾರಂಪರಿಕ ನಗರ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಊರಿನಲ್ಲೇ ಜನ ಹಳೆಯ ಛಾವಣಿಯ ಕೆಳಗೆ ನಿಲ್ಲಲು ಹಿಂದೆ ಮುಂದೆ ನೋಡುವಂತಾಗಿತ್ತು.

ಇದನ್ನೆಲ್ಲ ಅಪ್ಪನ ಮುಂದೆ ಹೇಳಿದೆ. ಅಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಓವರ್‌ಹಾಲಿಂಗಿಗೆ ಬಂದ ಬೋಗಿಗಳ ಕೆಳಗೆ ಮಲಗಿಯೇ ಅರ್ಧ ಆಯಸ್ಸು ಕಳೆದವರು. ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, ನಿಧಾನಕ್ಕೆ ಅಂದರು: "ನೋಡೋ, ಬೋಗಿ ಯಾವ ವರ್ಷದ್ದು ಅಂತ ನಾವು ಆಮೇಲೆ ಕೇಳ್ತಿದ್ವಿ. ಹಿಂದಿನ ಓವರ್‌ಹಾಲಿಂಗ್ ಯಾವಾಗ ಆಯ್ತು ಅಂತ ಮೊದಲು ಕೇಳ್ತಿದ್ವಿ. ಓಡೋ ಗಾಡೀಲಿ ಏನಾದ್ರೂ ಕೆಟ್ಟರೆ ಸದ್ದು ಮಾಡಿ ಹೇಳುತ್ತೆ. ನಿಂತ ಗಾಡಿ ಹೇಳೋದಿಲ್ಲ, ಒಳಗೊಳಗೇ ತುಕ್ಕು ತಿನ್ನುತ್ತೆ. ಆ ಹೋಟೆಲ್ ಓಡ್ತಿದೆಯೋ ನಿಂತಿದೆಯೋ ನೋಡಿಕೊಂಡು ಬರೋಣ, ನಡಿ."

ಹೀಗೆ ರದ್ದು ಮಾಡುವ ಗಡುವು ಮುಗಿಯುವ ಮುಂಚೆ ಒಂದು ಮಧ್ಯಾಹ್ನ ಅಪ್ಪನೂ ನಾನೂ ಸ್ಕೂಟರಿನಲ್ಲಿ ಹೊರಟೆವು. ನಜರಬಾದ್ ದಾಟಿ, ಆಡಳಿತ ತರಬೇತಿ ಸಂಸ್ಥೆಯ ಮುಂದೆ ಹಾದು ಲಲಿತಮಹಲ್ ರಸ್ತೆಗೆ ಬಿದ್ದರೆ ಊರಿನ ಗಲಾಟೆ ಹಿಂದೆ ಉಳಿಯುತ್ತದೆ. ದೂರದಲ್ಲಿ ದಿಣ್ಣೆಯ ಮೇಲೆ ಕಟ್ಟಡ ಕಾಣಿಸಿದಾಗ ಅಪ್ಪ ಭುಜ ತಟ್ಟಿ ನಿಲ್ಲಿಸು ಅಂದರು. ಸ್ವಲ್ಪ ಹೊತ್ತು ನೋಡಿ, "ಗೆರೆ ನೇರ ಇದೆ" ಅಂದರು. ಕಟ್ಟಡದ ಮೇಲಂಚು ಎಲ್ಲೂ ಜಗ್ಗಿಲ್ಲ ಎಂದು ಅದರ ಅರ್ಥ.

ಈ ಅರಮನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು 1921ರ ನವೆಂಬರ್ 18ರಂದು ಅಡಿಗಲ್ಲು ಹಾಕಿದರು. ಮೈಸೂರಿಗೆ ಬರುವ ವೈಸ್‌ರಾಯ್ ಉಳಿದುಕೊಳ್ಳಲೆಂದು ಕಟ್ಟಿಸಿದ್ದು. ನಕ್ಷೆ ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿಯವರದು. ನಡುವಿನ ದೊಡ್ಡ ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಮಾದರಿ. ಎದುರಿಗೆ ಜೋಡಿ ಜೋಡಿಯಾಗಿ ನಿಂತ ಅಯಾನಿಕ್ ಕಂಬಗಳು. ರಾಜರೂ ಹೋದರು, ವೈಸ್‌ರಾಯ್‌ಗಳೂ ಹೋದರು. 1974ರಲ್ಲಿ ಇದು ಹೋಟೆಲ್ ಆಯಿತು. ನಾವು ಹೋದಾಗ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ, ಎಂದರೆ ಐಟಿಡಿಸಿ, ನಡೆಸುತ್ತಿತ್ತು. ವೈಸ್‌ರಾಯ್ ಒಬ್ಬರ ಬಿಡಾರಕ್ಕೆಂದು ಎಬ್ಬಿಸಿದ ಕಟ್ಟಡಕ್ಕೆ ರೈಲ್ವೆ ಫಿಟ್ಟರ್ ಒಬ್ಬರು ಗಿರಾಕಿಯಾಗಿ ಬಂದು ಇದು ಸರಿಯಿದೆಯೇ ಎಂದು ಪರೀಕ್ಷೆ ಮಾಡುವುದು ನನಗೆ ಬಹಳ ದೊಡ್ಡ ಸಂಗತಿ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಸ್ವಾಗತದ ಕೌಂಟರಿನಲ್ಲಿದ್ದವರಿಗೆ ವಿಷಯ ಹೇಳಿದೆವು. ಬುಕಿಂಗ್ ಇದೆ, ಕೋಣೆ ಒಮ್ಮೆ ನೋಡಬೇಕು, ಮಗುವಿಗೆ ಉಬ್ಬಸ ಇದೆ. ಅವರು ಬೇಸರ ಮಾಡಿಕೊಳ್ಳದೆ ಒಬ್ಬ ಹಿರಿಯ ನೌಕರರನ್ನು ಜೊತೆಗೆ ಕಳಿಸಿದರು. ಲಿಫ್ಟ್ ಏರುವಾಗ ಅಪ್ಪ ಮಾತು ನಿಲ್ಲಿಸಿ ಕತ್ತು ವಾಲಿಸಿ ಅದರ ಸದ್ದು ಕೇಳಿಸಿಕೊಂಡರು. ತೃಪ್ತಿಯಾಗಿರಬೇಕು, ಏನೂ ಹೇಳಲಿಲ್ಲ.

ಕೋಣೆಯೊಳಗೆ ಅಪ್ಪ ಮಾಡಿದ್ದನ್ನು ನಾನು ಯಾವತ್ತೂ ಮರೆಯಲಾರೆ. ಮಂಚದ ಕಡೆ, ಪರದೆಯ ಕಡೆ ನೋಡಲೇ ಇಲ್ಲ. ಮೊದಲು ಬೀರುವಿನ ಬಾಗಿಲು ತೆಗೆದು ತಲೆಯನ್ನೇ ಒಳಗೆ ಹಾಕಿ ಮೂಸಿದರು. ಆಮೇಲೆ ಹೊರಗೋಡೆಯ ಹತ್ತಿರ ಹೋಗಿ, ನೆಲದಿಂದ ಒಂದು ಗೇಣು ಮೇಲೆ, ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಕೆರೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಯಾಕಪ್ಪಾ ಅಂದೆ. "ಉಪ್ಪು ಬಿಟ್ಟಿದ್ರೆ ಕೈಗೆ ಬರುತ್ತೆ" ಅಂದರು. ಮೊಣಕಾಲೂರಿ ಕೂತು ಕಿಟಕಿಯ ಕೆಳಗಿನ ಮೂಲೆಗಳನ್ನು ನೋಡಿದರು. ಹಿತ್ತಾಳೆಯ ಚಿಲಕವನ್ನು ಮೇಲೆ ಕೆಳಗೆ ಮಾಡಿ ಸಲೀಸಾಗಿ ಕೂರುತ್ತದೆಯೇ ಎಂದು ಪರೀಕ್ಷಿಸಿದರು. ಬಚ್ಚಲಿನಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿ, ನೀರು ಕಾದು ಬರುವ ತನಕ ಅದರ ಕೆಳಗೆ ಕೈ ಹಿಡಿದು ನಿಂತರು. ಕೊನೆಗೆ ಛಾವಣಿಯ ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ನೋಡಿದರು. ಅಷ್ಟು ಎತ್ತರದ ಛಾವಣಿಯನ್ನು ತಲೆ ಎತ್ತಿ ನೋಡುವಾಗ ಅವರ ಬೋಳುತಲೆಯ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು.

ಉಪ್ಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಕಟ್ಟಡಗಳನ್ನು ಹಾಳು ಮಾಡುವುದು ಬಹಳ ಸಲ ವಯಸ್ಸಲ್ಲ, ತಪ್ಪು ರಿಪೇರಿ. ನಮ್ಮ ಹಿಂದಿನವರು ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟುತ್ತಿದ್ದರು. ಸುಣ್ಣ ಮರಳನ್ನು ಗಾರೆ ಗಾಣದಲ್ಲಿ ಎತ್ತು ಕಟ್ಟಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಹದ ಮಾಡುತ್ತಿದ್ದರು. ಅಂಥ ಗೋಡೆ ಮಳೆಗಾಲದಲ್ಲಿ ನೀರು ಹೀರಿದರೂ ಬಿಸಿಲಿಗೆ ಅದನ್ನು ಹೊರಗೆ ಬಿಟ್ಟುಬಿಡುತ್ತದೆ. ಈಗ ಬಿರುಕು ಕಂಡರೆ ಸಿಮೆಂಟು ಮೆತ್ತಿ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿಯುತ್ತೇವೆ. ಒಂದು ವರ್ಷ ನೋಡಲು ಚೆಂದ. ಆಮೇಲೆ ಒಳಗೆ ಸಿಕ್ಕಿಬಿದ್ದ ನೀರು ದಾರಿ ಕಾಣದೆ ಗೋಡೆಯ ಉಪ್ಪನ್ನು ಕರಗಿಸಿ ತರುತ್ತದೆ. ಪೇಂಟ್ ಹಪ್ಪಳದಂತೆ ಏಳುತ್ತದೆ, ಅದರ ಹಿಂದೆ ಬಿಳಿ ಪುಡಿ ಉದುರುತ್ತದೆ, ಬೀರುವಿನಲ್ಲಿ ಬೂಷ್ಟು ಹಿಡಿಯುತ್ತದೆ, ಮಕ್ಕಳು ಕೆಮ್ಮುತ್ತಾರೆ. ಆ ಗಿರಿಧಾಮದ ಹೋಟೆಲಿನಲ್ಲಿ ನಾವು ಉಸಿರಾಡಿದ್ದು ಇದನ್ನೇ ಎಂದು ನನಗೆ ಅಪ್ಪನ ಹೆಬ್ಬೆರಳು ನೋಡಿದಾಗ ಅರ್ಥವಾಯಿತು.

ಅವತ್ತು ಅಪ್ಪನ ಬೆರಳಿಗೆ ಏನೂ ಅಂಟಿರಲಿಲ್ಲ. ಬೀರುವಿನಲ್ಲಿ ನ್ಯಾಫ್ತಲಿನ್ ಗುಳಿಗೆ ಮತ್ತು ಹಳೆಯ ಮರದ ವಾಸನೆ, ಅಷ್ಟೇ.

ಆದರೂ ನಿರ್ಧಾರ ಆದದ್ದು ಗೋಡೆಯಿಂದಲ್ಲ, ಜೊತೆಗೆ ಬಂದ ಆ ನೌಕರರ ಒಂದು ಮಾತಿನಿಂದ. ಅಪ್ಪ ಕಿಟಕಿ ಮುಚ್ಚಿ ತೆಗೆದು ಮಾಡುತ್ತಿದ್ದಾಗ ಅವರು ಹತ್ತಿರ ಬಂದು, "ಮಳೆಗಾಲದಲ್ಲಿ ಮರ ಸ್ವಲ್ಪ ಹಿಡಿಯುತ್ತೆ ಯಜಮಾನ್ರೇ, ಕೆಳಗಡೆಯಿಂದ ಒತ್ತಿ" ಎಂದು ತೋರಿಸಿಕೊಟ್ಟರು. ಅಪ್ಪ ಕೇಳಿದರು: "ಗಿರಾಕಿ ಇಲ್ಲದ ದಿನ ಈ ಕೋಣೆ ಮುಚ್ಚೇ ಇರುತ್ತಾ?" ಆತ ಅಂಥ ಪ್ರಶ್ನೆಗಾಗಿಯೇ ಕಾದಿದ್ದವರಂತೆ ಅಂದರು: "ಇಲ್ಲ ಸಾರ್. ದಿನಾ ಬೆಳಿಗ್ಗೆ ತೆಗೀತೀವಿ, ಗಾಳಿ ಆಡಿಸ್ತೀವಿ, ನಲ್ಲಿ ಬಿಟ್ಟು ನಿಲ್ಲಿಸ್ತೀವಿ. ಜನ ಇದ್ರೆ ಅವರೇ ತೆಗೀತಾರೆ, ಹಾಕ್ತಾರೆ, ನೀರು ಬಳಸ್ತಾರೆ. ಖಾಲಿ ಇದ್ದಷ್ಟೂ ನಮಗೆ ಕೆಲಸ ಜಾಸ್ತಿ." ಅಪ್ಪ ನನ್ನ ಕಡೆ ತಿರುಗಿದರು. ವರ್ಕ್‌ಶಾಪಿನಲ್ಲಿ ಬೋಗಿ ಪಾಸ್ ಮಾಡುವಾಗ ಅವರ ಮುಖ ಹೇಗಿರುತ್ತಿತ್ತೋ ನಾನು ನೋಡಿದವನಲ್ಲ. ಹೀಗೇ ಇದ್ದಿರಬೇಕು.

"ಓಡ್ತಿದೆ" ಅಂದರು. "ಬುಕಿಂಗ್ ಇರಲಿ."

ಕೆಳಗೆ ಬಂದು ಕಾಫಿ ಕುಡಿದೆವು. ಸ್ಟೇಷನ್ ಕ್ಯಾಂಟೀನ್ ಕಾಫಿಗೆ ಒಗ್ಗಿದ ಅಪ್ಪ ಬೆಲೆ ನೋಡಿ ಎರಡನೇ ಲೋಟ ಬೇಡ ಅಂದರು. ಅಲ್ಲಿಂದಲೇ ತಂಗಿಗೆ ಫೋನ್ ಮಾಡಿ ಬೀರು, ಗೋಡೆ, ನಲ್ಲಿ, ಕಿಟಕಿ ಎಲ್ಲದರ ವರದಿ ಕೊಟ್ಟರು. ಪುಟ್ಟನಿಗೆ ಬೇಕಾದರೆ ನಡುರಾತ್ರಿಯಲ್ಲೂ ಮನೆಗೆ ಹೋಗಬಹುದು, ಇಲ್ಲಿಂದ ಅರ್ಧ ಗಂಟೆಯೂ ಇಲ್ಲ ಎಂದು ಸೇರಿಸಿದರು. ತಂಗಿ ಕೊನೆಗೆ ಒಪ್ಪಿದ್ದು ಆ ಮಾತಿಗೆ. ತಾಯಂದಿರಿಗೆ ಒಂದು ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಸಾಕು.

ಶ್ರಾವಣದ ಆ ದಿನ ಅಮ್ಮ ತನ್ನ ಹಳೆಯ ಮೈಸೂರು ರೇಷ್ಮೆ ಸೀರೆ ಉಟ್ಟಿದ್ದಳು. ಕಡುನೇರಳೆ ಬಣ್ಣದ್ದು, ಸಣ್ಣ ಜರಿಯಂಚು. ಲಿಫ್ಟ್ ಇದೆ ಬಾ ಅಂದರೆ ಕೇಳಲಿಲ್ಲ. ಇಟಲಿಯ ಅಮೃತಶಿಲೆಯ ಆ ಮೆಟ್ಟಿಲುಗಳನ್ನು ಕಟಾಂಜನ ಹಿಡಿದುಕೊಂಡು ಒಂದೊಂದಾಗಿ ಹತ್ತಿದಳು. ಮಂಡಿನೋವಿನವಳು ಮಧ್ಯೆ ಮಧ್ಯೆ ನಿಂತಳು, ಆದರೆ ಮುಖದಲ್ಲಿ ನೋವಿನ ಸುಳಿವಿರಲಿಲ್ಲ. ಹಿಂದೆ ನೃತ್ಯಶಾಲೆಯಾಗಿದ್ದ ಊಟದ ಸಭಾಂಗಣದಲ್ಲಿ ಬಣ್ಣದ ಗಾಜಿನ ಛಾವಣಿಯ ಕೆಳಗೆ ಕೂತು ಊಟ ಮಾಡಿದೆವು. ಅಮ್ಮ ಬಡಿಸುವ ಹುಡುಗನ ಊರು ಕೇಳಿದಳು. ನಂಜನಗೂಡಿನ ಕಡೆಯವನು ಎಂದು ಗೊತ್ತಾದ ಮೇಲೆ ಅವನು ಓದಿದ ಶಾಲೆ, ಅವನ ಮೇಷ್ಟರು ಯಾರು, ಅವನ ತಂಗಿ ಏನು ಓದುತ್ತಿದ್ದಾಳೆ ಎಲ್ಲ ವಿಚಾರಿಸಿದಳು. ಊಟ ಮುಗಿಯುವ ಹೊತ್ತಿಗೆ ಆ ಹುಡುಗ ಅವಳನ್ನು ಅಮ್ಮಾ ಎಂದೇ ಕರೆಯುತ್ತಿದ್ದ. ವೈಸ್‌ರಾಯ್ ಕಾಲದ ಆ ಭಾರೀ ಸಭಾಂಗಣ ಅರ್ಧ ಗಂಟೆಯಲ್ಲಿ ನಮ್ಮ ಮನೆಯ ಊಟದ ಕೋಣೆಯಾಗಿಬಿಟ್ಟಿತ್ತು. ನಾನು ಹೊಸ ಹೋಟೆಲಿನ ಊಟದ ಮನೆಗಳಲ್ಲೂ ಅಮ್ಮನನ್ನು ಕೂರಿಸಿದ್ದೇನೆ. ಅಲ್ಲಿ ಅವಳು ಮೆನು ಕಾರ್ಡ್ ಹಿಡಿದು ಬೆಲೆ ನೋಡಿ ಸುಮ್ಮನಾಗುತ್ತಾಳೆ, ಯಾರನ್ನೂ ಮಾತಾಡಿಸುವುದಿಲ್ಲ. ಇಲ್ಲಿ ಅವಳಿಗೆ ಯಾಕೆ ಅಷ್ಟು ಸಲಿಗೆ ಬಂತು ಎಂದು ಬಹಳ ಯೋಚಿಸಿದ್ದೇನೆ. ಬೆಟ್ಟದ ಮೆಟ್ಟಿಲಿನಿಂದ ನೋಡಿ ನೋಡಿ ಅವಳಿಗೆ ಅದು ಪರಿಚಯದ ಮನೆಯಾಗಿತ್ತು ಎಂದೇ ನನ್ನ ನಂಬಿಕೆ.

ಪುಟ್ಟ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ. ಇಷ್ಟು ಉದ್ದದ ಓಣಿ ಎಲ್ಲಿಯೂ ನೋಡಿಲ್ಲ ಎಂದು ಬೆಳಿಗ್ಗೆಯೆಲ್ಲ ಓಡಿದ. ಅಪ್ಪ ಎದ್ದ ಕೂಡಲೇ ಕಿಟಕಿಯನ್ನು ಕೆಳಗಡೆಯಿಂದ ಒತ್ತಿ ತೆಗೆದರಂತೆ. ಬಾಲ್ಕನಿಯಲ್ಲಿ ಕೂತು ಅಮ್ಮ ಬೆಟ್ಟಕ್ಕೆ ಕೈಮುಗಿದಳು. ಅಷ್ಟು ವರ್ಷ ಅಲ್ಲಿಂದ ಇಲ್ಲಿಗೆ ನೋಡಿದವಳು.

ಅದೇ ವರ್ಷ ಸೆಪ್ಟೆಂಬರಿನಲ್ಲಿ, ಲಲಿತಮಹಲನ್ನು ಐಟಿಡಿಸಿಯಿಂದ ಬಿಡಿಸಿ ಕರ್ನಾಟಕ ಸರ್ಕಾರಕ್ಕೆ ಮರಳಿಸಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆಮೇಲೆ ನಮ್ಮದೇ ರಾಜ್ಯ ಸರ್ಕಾರದ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಅದನ್ನು ವಹಿಸಿಕೊಂಡಿತು. ಖಾಸಗಿಯವರಿಗೆ ಕೊಡಬೇಕೋ ಬೇಡವೋ ಎಂಬ ಮಾತು ಆಗಾಗ ಏಳುತ್ತದೆ. ಯಾರು ನಡೆಸಬೇಕು ಎಂಬುದಕ್ಕೆ ಎರಡೂ ಕಡೆ ನ್ಯಾಯವಾದ ಮಾತುಗಳಿವೆ, ನಾನು ಅದರೊಳಗೆ ಹೋಗುವುದಿಲ್ಲ. ಯಾರೇ ನಡೆಸಲಿ, ಅವರಲ್ಲಿ ಕೇಳಿಕೊಳ್ಳುವುದು ಎರಡಿದೆ. ಸುಣ್ಣದ ಗೋಡೆಗೆ ಸುಣ್ಣದ ಕೆಲಸ ಬಲ್ಲ ಗಾರೆಯವರನ್ನೇ ಕರೆಸಿ, ಸಿಮೆಂಟು ಮೆತ್ತಬೇಡಿ. ಖಾಲಿ ಕೋಣೆಯನ್ನೂ ದಿನಾ ಬೆಳಿಗ್ಗೆ ತೆಗೆದು ಗಾಳಿ ಆಡಿಸುವ ಆ ನೌಕರರಂಥವರನ್ನು ಕಾಯಂ ಆಗಿ ಇಟ್ಟುಕೊಳ್ಳಿ, ಅವರ ಸಂಬಳ ಉಳಿಸಲು ಹೋಗಬೇಡಿ.

ನೀವೂ ಇಂಥದೊಂದು ಹಳೆಯ ದೊಡ್ಡ ಹೋಟೆಲಿನಲ್ಲಿ ಕೋಣೆ ಹಿಡಿದು, ಇಟ್ಟುಕೊಳ್ಳಲೋ ಬಿಡಲೋ ಎಂದು ಕೂತಿದ್ದರೆ, ಸಾಧ್ಯವಿದ್ದಲ್ಲಿ ಒಮ್ಮೆ ಹೋಗಿ ನೋಡಿ, ದೂರವಿದ್ದರೆ ಫೋನ್ ಮಾಡಿ ಕೇಳಿ. ಕಟ್ಟಿದ ವರ್ಷ ಕೇಳಬೇಡಿ, ಈ ಮಳೆಗಾಲಕ್ಕೆ ಮುಂಚೆ ಏನೇನು ರಿಪೇರಿ ಮಾಡಿಸಿದಿರಿ ಎಂದು ಕೇಳಿ. ಬೀರು ಮೂಸಿ, ಗೋಡೆ ಕೆರೆದು ನೋಡಿ. ಕೈಗೆ ಬಿಳಿ ಪುಡಿ ಬಂದರೆ ಎಷ್ಟೇ ಇತಿಹಾಸವಿರಲಿ, ಮಕ್ಕಳನ್ನು ಅಲ್ಲಿ ಮಲಗಿಸಬೇಡಿ. ಬರದಿದ್ದರೆ ಬುಕಿಂಗ್ ರದ್ದು ಮಾಡಬೇಡಿ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ.